ಎ2 ಎಂಬುದು ಅಳತೆಯೇ? – ಹಲ್ಲಿನ ಕ್ಯಾಪ್‌ಗೆ ಬಣ್ಣ ಹೊಂದಿಸುವ ಕ್ರಮದ ಒಂದು ವಿಮರ್ಶೆ

ಬಿದ್ದು ಮುರಿದ ಹಲ್ಲನ್ನೋ, ರೂಟ್ ಕೆನಾಲ್ ಚಿಕಿತ್ಸೆಯಾದ ಹಲ್ಲನ್ನೋ ಉಳಿಸಿಕೊಳ್ಳಲು ಅದರ ಮೇಲೆ ಕ್ರೌನ್ ಕೂರಿಸುವುದು ಇಂದು ತೀರಾ ಸಾಮಾನ್ಯವಾದ ಚಿಕಿತ್ಸೆ. ಜನ ಇದನ್ನು ‘ಕ್ಯಾಪ್’ ಎನ್ನುತ್ತಾರೆ. ಹಿಂದಿನ ದವಡೆಹಲ್ಲಿಗೆ ಹಾಕಿದ ಕ್ಯಾಪ್ ಯಾವ ಬಣ್ಣದ್ದೆಂದು ಯಾರೂ ವಿಚಾರಿಸುವುದಿಲ್ಲ. ಆದರೆ ಮೇಲಿನ ಸಾಲಿನ ನಡುವಣ ಎರಡು ಬಾಚಿಹಲ್ಲುಗಳಲ್ಲಿ ಒಂದಕ್ಕೆ ಮಾತ್ರ ಕ್ಯಾಪ್ ಬೇಕಾದಾಗ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಪಕ್ಕದಲ್ಲೇ ಅದರ ಜೋಡಿ ಇರುತ್ತದೆ. ಎದುರು ನಿಂತು ಮಾತನಾಡುವ ಪ್ರತಿಯೊಬ್ಬರೂ ತಮಗೆ ಅರಿವಿಲ್ಲದೆಯೇ ಎರಡನ್ನೂ ಹೋಲಿಸಿ ನೋಡುತ್ತಾರೆ.

ಈ ಪರೀಕ್ಷೆಯಲ್ಲಿ ಸೋತವರು ನಮ್ಮ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ಚಿಕಿತ್ಸಾಲಯದ ಕನ್ನಡಿಯಲ್ಲಿ ಸರಿಯಾಗಿ ಕಂಡ ಕ್ಯಾಪ್ ಹೊರಗಿನ ಬಿಸಿಲಿನಲ್ಲಿ ಸುಣ್ಣದ ತುಂಡಿನಂತೆ ಕಾಣುತ್ತದೆ. ಮದುವೆಯ ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಇದು ಬರಿಯ ಅಂದದ ಪ್ರಶ್ನೆಯಲ್ಲ. ಕ್ಯಾಪ್ ಕೂರಿಸಲು ಹಲ್ಲಿನ ಮುಂಭಾಗವನ್ನು ಒಂದು ಮಿಲಿಮೀಟರಿಗೂ ಹೆಚ್ಚು ತೇಯಬೇಕಾಗುತ್ತದೆ. ಹೀಗೆ ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಬಣ್ಣ ತಪ್ಪಿದ ಕ್ಯಾಪನ್ನು ಒಡೆದು ಇನ್ನೊಂದನ್ನು ಮಾಡಬಹುದು, ಕಳೆದ ಎನಾಮೆಲನ್ನು ಮರಳಿ ತರಲಾಗದು. ತಪ್ಪಿನ ಹೊಣೆ ಮಾತ್ರ ರೋಗಿಯನ್ನು ಒಮ್ಮೆಯೂ ನೋಡದ ಲ್ಯಾಬಿನ ತಂತ್ರಜ್ಞನ ತಲೆಗೆ ಬರುತ್ತದೆ.

ವೈದ್ಯರ ಕೈಚಳಕವನ್ನಾಗಲಿ ತಂತ್ರಜ್ಞರ ಕಸುಬನ್ನಾಗಲಿ ಇಲ್ಲಿ ಪ್ರಶ್ನಿಸುತ್ತಿಲ್ಲ. ಇವರಿಬ್ಬರ ನಡುವೆ ಓಡಾಡುವ ಒಂದು ಚಿಕ್ಕ ಚೀಟಿಯೇ ಈ ಲೇಖನದ ವಿಷಯ. ಅದರ ಮೇಲೆ ಬಹಳ ಸಲ ಬಣ್ಣದ ಬಗ್ಗೆ ಇರುವುದು ಒಂದೇ ಸಂಕೇತ: ‘ಎ2’ ಅಥವಾ ‘ಎ3’. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿ ಇಂಥ ವರದಿ ತಂದರೆ ನಾವು ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಅಳೆದ ಉಪಕರಣ ಯಾವುದು? ಅದರ ಮಾನ ಯಾವುದು? ಯಾವ ಸ್ಥಿತಿಯಲ್ಲಿ ಅಳೆದದ್ದು? ಎಷ್ಟು ತಪ್ಪಿಗೆ ಅವಕಾಶವಿದೆ? ಇದೇ ಪ್ರಶ್ನೆಗಳನ್ನು ಎ2ಗೆ ಕೇಳಿ ನೋಡೋಣ.

ಹದಿನಾರು ಮಾದರಿಗಳ ಪಟ್ಟಿ

ಎ2 ಎಂಬ ಹೆಸರು ಬಂದದ್ದು ಜರ್ಮನಿಯ ವೀಟಾ ಸಂಸ್ಥೆ 1956ರಲ್ಲಿ ಹೊರತಂದ ಬಣ್ಣಪಟ್ಟಿಯಿಂದ. ದಂತವೈದ್ಯರ ಮಾತಿನಲ್ಲಿ ಇದು ‘ಶೇಡ್ ಗೈಡ್’. ಹಲ್ಲಿನ ಆಕಾರದ ಹದಿನಾರು ಪಿಂಗಾಣಿ ಮಾದರಿಗಳು ಸಾಲಾಗಿ ಒಂದು ಹಿಡಿಕೆಯಲ್ಲಿ ಸಿಕ್ಕಿಸಿರುತ್ತವೆ. ಎ ಗುಂಪು ಕೆಂಪು ಬೆರೆತ ಕಂದು, ಬಿ ಗುಂಪು ಕೆಂಪು ಬೆರೆತ ಹಳದಿ, ಸಿ ಗುಂಪು ಬೂದು, ಡಿ ಗುಂಪು ಕೆಂಪು ಬೆರೆತ ಬೂದು. ಒಂದೊಂದು ಗುಂಪಿನಲ್ಲಿ ಅಂಕಿ ಏರಿದಂತೆ ಬಣ್ಣ ಗಾಢವಾಗುತ್ತದೆ. ವೈದ್ಯರು ಮಾದರಿಯನ್ನು ರೋಗಿಯ ಹಲ್ಲಿನ ಪಕ್ಕ ಹಿಡಿದು, ಯಾವುದು ಹತ್ತಿರವೋ ಅದರ ಸಂಕೇತವನ್ನು ಬರೆದು ಲ್ಯಾಬಿಗೆ ಕಳಿಸುತ್ತಾರೆ.

ಮೊದಲು ಇದರ ಗುಣವನ್ನು ಒಪ್ಪಿಕೊಳ್ಳಬೇಕು. ಈ ಪಟ್ಟಿ ದಂತವೈದ್ಯಕೀಯಕ್ಕೆ ಒಂದು ಸಾಮಾನ್ಯ ಭಾಷೆಯನ್ನು ಕೊಟ್ಟಿತು. ಹುಬ್ಬಳ್ಳಿಯ ವೈದ್ಯರು ಬರೆದದ್ದನ್ನು ಬೆಂಗಳೂರಿನ ಲ್ಯಾಬಿನವರು ಓದಿ ಅರ್ಥಮಾಡಿಕೊಳ್ಳುತ್ತಾರೆ. ಪಿಂಗಾಣಿ ಪುಡಿಯ ಡಬ್ಬಿಗಳ ಮೇಲೂ, ತುಂಬುವ ರೆಸಿನ್ ಸಿರಿಂಜುಗಳ ಮೇಲೂ ಇದೇ ಸಂಕೇತಗಳು ಇರುತ್ತವೆ. ಇಷ್ಟು ಕಾಲ ಬಾಳಿದ ಸಾಧನವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಅಳತೆಗೋಲು ಎಂದು ನೋಡಿದರೆ ಇದರ ಕೊರತೆಗಳು ಕಣ್ಣಿಗೆ ಬೀಳುತ್ತವೆ. ಎ ಗುಂಪಿನಲ್ಲಿ ಐದು ಮಾದರಿಗಳು – 1, 2, 3, 3.5 ಮತ್ತು 4. ಬಿ ಮತ್ತು ಸಿ ಗುಂಪುಗಳಲ್ಲಿ ನಾಲ್ಕು ನಾಲ್ಕು. ಡಿ ಗುಂಪಿನಲ್ಲಿ ಮೂರೇ. ಅದು 2ರಿಂದ ಆರಂಭವಾಗುತ್ತದೆ, ಡಿ1 ಎಂಬುದೇ ಇಲ್ಲ. ಪ್ರಕಾಶದ ಇಳಿಕೆಯ ಕ್ರಮದಲ್ಲಿ ಮಾದರಿಗಳನ್ನು ಜೋಡಿಸಲು ತಯಾರಕರೇ ಕೊಟ್ಟಿರುವ ಸಾಲು ಹೀಗಿದೆ: ಬಿ1, ಎ1, ಬಿ2, ಡಿ2, ಎ2, ಸಿ1, ಸಿ2, ಡಿ4, ಎ3, ಡಿ3, ಬಿ3, ಎ3.5, ಬಿ4, ಸಿ3, ಎ4, ಸಿ4. ಇಲ್ಲಿ ಡಿ4 ಎಂಬುದು ಡಿ3ಕ್ಕಿಂತ ಮುಂಚೆ ಬರುವುದನ್ನು ಗಮನಿಸಿ. ಒಂದು ಮಾದರಿಗೂ ಇನ್ನೊಂದಕ್ಕೂ ಇರುವ ಅಂತರ ಸಮಾನವಲ್ಲ. ಎ2ಕ್ಕಿಂತ ಎ4 ಎರಡು ಪಟ್ಟು ಗಾಢ ಎಂದು ಹೇಳುವಂತೆಯೂ ಇಲ್ಲ. ಅಂದರೆ ಈ ಅಂಕಿಗಳು ಅಳತೆಗಳಲ್ಲ. ಬಸ್ಸಿನ ಮಾರ್ಗಸಂಖ್ಯೆಯ ಹಾಗೆ ಇವು ಕೇವಲ ಹೆಸರುಗಳು.

ಬಣ್ಣಕ್ಕೆ ಮೂರು ಆಯಾಮಗಳಿವೆ ಎಂಬ ಸಂಗತಿ 1956ರ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಅಮೆರಿಕದ ಚಿತ್ರಕಲಾ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲೇ ಬಣ್ಣವನ್ನು ವರ್ಣ, ಪ್ರಕಾಶಮಟ್ಟ ಮತ್ತು ಗಾಢತೆ ಎಂಬ ಮೂರು ಅಂಶಗಳಾಗಿ ಬಿಡಿಸಿ ತೋರಿಸಿದ್ದರು. ಹಳದಿಯೋ ಕೆಂಪೋ ಎಂಬುದು ವರ್ಣ. ಕಪ್ಪಿಗೆ ಹತ್ತಿರವೋ ಬಿಳಿಗೆ ಹತ್ತಿರವೋ ಎಂಬುದು ಪ್ರಕಾಶಮಟ್ಟ. ಅದೇ ಹಳದಿ ನಿಂಬೆಯಷ್ಟು ದಟ್ಟವೋ ಮಜ್ಜಿಗೆಗೆ ಬಿದ್ದ ಚಿಟಿಕೆ ಅರಿಸಿನದಷ್ಟು ತೆಳುವೋ ಎಂಬುದು ಗಾಢತೆ. ಇ. ಬ್ರೂಸ್ ಕ್ಲಾರ್ಕ್ ಎಂಬ ದಂತವೈದ್ಯರು 1931ರಲ್ಲೇ ಈ ಮೂರು ಅಂಶಗಳನ್ನು ಹಲ್ಲಿಗೆ ಅನ್ವಯಿಸಬೇಕೆಂದು ವಾದಿಸಿದರು. 1973ರಲ್ಲಿ ರಾಬರ್ಟ್ ಸ್ಪ್ರೌಲ್ ಅದೇ ವಾದವನ್ನು ಮತ್ತೆ ಎತ್ತಿ, ಬಳಕೆಯಲ್ಲಿದ್ದ ಬಣ್ಣಪಟ್ಟಿಗಳಿಗೆ ತರ್ಕಬದ್ಧ ಜೋಡಣೆ ಇಲ್ಲವೆಂದೂ, ನೈಸರ್ಗಿಕ ಹಲ್ಲುಗಳ ಬಣ್ಣದ ವ್ಯಾಪ್ತಿಯನ್ನು ಅವು ಪೂರ್ತಿ ಒಳಗೊಳ್ಳುವುದಿಲ್ಲವೆಂದೂ ಬರೆದರು. ವೀಟಾ ಸಂಸ್ಥೆಯೇ 1998ರಲ್ಲಿ ‘3ಡಿ-ಮಾಸ್ಟರ್’ ಎಂಬ ಹೊಸ ಪಟ್ಟಿಯನ್ನು ತಂದಿತು. ಇದರಲ್ಲಿ ಮೊದಲು ಪ್ರಕಾಶಮಟ್ಟ, ನಂತರ ಗಾಢತೆ, ಕೊನೆಗೆ ವರ್ಣ ಎಂದು ಮೂರು ಹೆಜ್ಜೆಗಳಲ್ಲಿ ಆಯ್ಕೆ ಮಾಡಬೇಕು. ಮಾದರಿಗಳು 26, ಬಿಳುಪು ಮಾಡಿಸಿಕೊಂಡ ಹಲ್ಲುಗಳಿಗಾಗಿ ಆಮೇಲೆ ಇನ್ನೂ 3 ಸೇರಿದವು.

ಕ್ಲಾರ್ಕ್ ಹೇಳಿದ್ದು ಪಟ್ಟಿಯಾಗಿ ಕೈಗೆ ಬರಲು 67 ವರ್ಷ ಹಿಡಿಯಿತು. ಬಂದ ಮೇಲೂ ಹಳೆಯ ಪಟ್ಟಿ ಹಿಂದೆ ಸರಿಯಲಿಲ್ಲ. ಡಬ್ಬಿಯ ಮೇಲೆ ಎ2 ಎಂದಿರುವವರೆಗೆ ಚೀಟಿಯಲ್ಲೂ ಎ2 ಎಂದೇ ಬರೆಯುತ್ತಾರೆ. ಇದು ವಿಜ್ಞಾನದ ಸೋಲಲ್ಲ, ರೂಢಿಯ ಗೆಲುವು. ಪ್ರಕಾಶಮಟ್ಟವನ್ನು ಮೊದಲು ನೋಡಬೇಕು ಎಂಬ ಒಂದು ಪಾಠವಾದರೂ ಹಳೆಯ ಪಟ್ಟಿಯವರಿಗೂ ದಕ್ಕಬೇಕು. ವರ್ಣದಲ್ಲಿ ತುಸು ವ್ಯತ್ಯಾಸವಾದರೆ ಕಣ್ಣು ಸಹಿಸೀತು; ಸಾಲಿನಲ್ಲಿ ಒಂದು ಹಲ್ಲು ಮಿಕ್ಕವಕ್ಕಿಂತ ಬೆಳ್ಳಗೋ ಮಂಕಾಗಿಯೋ ಇದ್ದರೆ ಮಾರು ದೂರದಿಂದಲೇ ಗೊತ್ತಾಗುತ್ತದೆ.

ಸೀರೆ ಅಂಗಡಿಯ ಜಾಣ್ಮೆ

ಎರಡನೆಯ ಆಕ್ಷೇಪ ಬೆಳಕಿನದು. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಕೊಳ್ಳಲು ಹೋದ ಗೃಹಿಣಿ ಅಂಗಡಿಯ ದೀಪದ ಕೆಳಗೆ ಬಣ್ಣವನ್ನು ಒಪ್ಪಿಕೊಳ್ಳುವುದಿಲ್ಲ. ಎರಡನ್ನೂ ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡುತ್ತಾಳೆ. ಬಣ್ಣಶಾಸ್ತ್ರದ ಒಂದು ಮುಖ್ಯ ತತ್ತ್ವ ಆಕೆಗೆ ಅನುಭವದಿಂದಲೇ ಗೊತ್ತಿದೆ.

ನಮ್ಮ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕು ಕೋಶಗಳು ಮೂರು ಬಗೆಯವು. ವಸ್ತುವಿನಿಂದ ಬರುವ ಬೆಳಕಿನಲ್ಲಿ ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ನೂರಾರು ತರಂಗದೂರಗಳಿದ್ದರೂ ಮಿದುಳಿಗೆ ತಲುಪುವುದು ಮೂರು ಸಂಕೇತಗಳ ಮೊತ್ತ ಮಾತ್ರ. ಆದ್ದರಿಂದ ಬೇರೆ ಬೇರೆ ರೋಹಿತಗಳಿರುವ ಎರಡು ವಸ್ತುಗಳು ಒಂದು ಬೆಳಕಿನಲ್ಲಿ ಒಂದೇ ಬಣ್ಣವಾಗಿಯೂ ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿಯೂ ಕಾಣಬಹುದು. ಇದಕ್ಕೆ ಮೆಟಮೆರಿಸಂ ಎಂದು ಹೆಸರು. ಹಲ್ಲಿನ ಬಣ್ಣ ಅದರ ಖನಿಜ ಮತ್ತು ಸಾವಯವ ದ್ರವ್ಯಗಳಿಂದ ಬಂದದ್ದು. ಪಿಂಗಾಣಿಯ ಬಣ್ಣ ಲೋಹದ ಆಕ್ಸೈಡುಗಳಿಂದ ಬಂದದ್ದು. ಎರಡರ ರೋಹಿತಗಳೂ ಒಂದೇ ಆಗಿರಲು ಕಾರಣವೇ ಇಲ್ಲ. ಹೀಗಾಗಿ ಹಲ್ಲಿಗೂ ಕ್ಯಾಪಿಗೂ ನಡುವಿನ ಹೊಂದಿಕೆ ಯಾವುದೋ ಒಂದು ಬೆಳಕಿನಲ್ಲಿ ಮಾತ್ರ ಸಿಂಧು.

ಇಂದಿನ ಚಿಕಿತ್ಸಾಲಯಗಳಲ್ಲಿ ಹೆಚ್ಚಾಗಿ ಎಲ್‌ಇಡಿ ದೀಪಗಳಿವೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಸುಮಾರು 450 ನ್ಯಾನೋಮೀಟರ್ ಬಳಿ ನೀಲಿಯ ಚೂಪಾದ ಶಿಖರವಿರುತ್ತದೆ. ಅದರ ಪಕ್ಕ ಒಂದು ತಗ್ಗು, ಆಮೇಲೆ ಫಾಸ್ಫರ್ ಪುಡಿಯಿಂದ ಬರುವ ಹಳದಿಯ ಅಗಲ ದಿಬ್ಬ. ಕಡು ಕೆಂಪು ಕಡಿಮೆ, ನೇರಳಾತೀತ ಇಲ್ಲವೆನ್ನುವಷ್ಟು. ಹಗಲಿನ ಬೆಳಕು ಹೀಗಿರುವುದಿಲ್ಲ. ಅಂತರರಾಷ್ಟ್ರೀಯ ಪ್ರದೀಪನ ಆಯೋಗವಾದ ಸಿಐಇ ಗೊತ್ತುಪಡಿಸಿದ ಸರಾಸರಿ ಹಗಲು ಬೆಳಕಿನ ಮಾದರಿ ಡಿ65. ಅದರ ವರ್ಣತಾಪ ಸುಮಾರು 6500 ಕೆಲ್ವಿನ್. ಹಳೆಯ ತಂತಿ ಬಲ್ಬಿಗೆ ಸಮನಾದ ‘ಎ’ ಪ್ರದೀಪಕ 2856 ಕೆಲ್ವಿನ್‌ನದು. ಚೀಟಿಯಲ್ಲಿ ಎ2 ಎಂದಿದೆ, ಯಾವ ಬೆಳಕಿನಲ್ಲಿ ಎಂದಿಲ್ಲ. ಒತ್ತಡವನ್ನು ನಮೂದಿಸದೆ ನೀರಿನ ಕುದಿಬಿಂದು ಬರೆದಂತೆ ಇದು.

ಹಲ್ಲಿಗೆ ಇನ್ನೊಂದು ಗುಣವೂ ಇದೆ. ನೇರಳಾತೀತ ಕಿರಣ ಬಿದ್ದಾಗ ಹಲ್ಲು, ಮುಖ್ಯವಾಗಿ ಅದರ ಒಳಪದರವಾದ ಡೆಂಟಿನ್, ನೀಲಿಬಿಳಿ ಬೆಳಕನ್ನು ಹೊರಸೂಸುತ್ತದೆ. ಇದು ಪ್ರತಿದೀಪ್ತಿ. ಬಿಸಿಲಿನಲ್ಲಿ ಹಲ್ಲು ಜೀವಂತವಾಗಿ ಕಾಣುವುದರಲ್ಲಿ ಇದರ ಪಾಲೂ ಇದೆ. ಈ ಗುಣವಿಲ್ಲದ ಕ್ಯಾಪ್ ನಾಟಕದ ವೇದಿಕೆಯ ನೇರಳಾತೀತ ದೀಪದ ಕೆಳಗೆ ಕಪ್ಪಾಗಿ, ಹಲ್ಲೇ ಉದುರಿದಂತೆ ಕಾಣುತ್ತದೆ. ಹಿಂದೆ ಪಿಂಗಾಣಿಗೆ ಈ ಗುಣ ತರಲು ಯುರೇನಿಯಂ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ವಿಕಿರಣಶೀಲತೆಯ ಕಾರಣದಿಂದ ಅದನ್ನು ಕೈಬಿಟ್ಟು ಸೀರಿಯಂ, ಯುರೋಪಿಯಂ, ಟರ್ಬಿಯಂನಂಥ ವಿರಳ ಭಸ್ಮ ಧಾತುಗಳ ಸಂಯುಕ್ತಗಳನ್ನು ಬಳಸಲಾಯಿತು. ಎ2 ಎಂಬ ಸಂಕೇತಕ್ಕೆ ಪ್ರತಿದೀಪ್ತಿಯ ಬಗ್ಗೆ ಹೇಳಲು ಏನೂ ಇಲ್ಲ.

ಹಲ್ಲು ಸುಣ್ಣ ಬಳಿದ ಗೋಡೆಯಲ್ಲ

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ಗೋಡೆಯ ಬಣ್ಣ ಅದರ ಮೇಲ್ಮೈಯಲ್ಲಿದೆ. ಹಲ್ಲಿನ ಬಣ್ಣ ಇರುವುದು ಅದರ ಆಳದಲ್ಲಿ. ಎನಾಮೆಲ್ ಅರೆಪಾರದರ್ಶಕ. ಬೆಳಕು ಅದರೊಳಗೆ ಹೊಕ್ಕು, ಚದುರಿ, ಒಳಗಿನ ಹಳದಿ ಡೆಂಟಿನ್‌ನಲ್ಲಿ ಭಾಗಶಃ ಹೀರಲ್ಪಟ್ಟು, ಮತ್ತೆಲ್ಲೋ ಹೊರಬರುತ್ತದೆ. ಹಲ್ಲಿನ ಹಳದಿ ಬಹುಮಟ್ಟಿಗೆ ಡೆಂಟಿನ್‌ನದು. ಎನಾಮೆಲ್ ಅದರ ಮೇಲೆ ಹೊದಿಸಿದ ಮಂಜಿನ ಪರದೆಯಂತೆ ಇರುತ್ತದೆ. ಬುಡದಲ್ಲಿ ಪರದೆ ತೆಳು, ಆದ್ದರಿಂದ ಅಲ್ಲಿ ಹಳದಿ ಹೆಚ್ಚು. ತುದಿಯಲ್ಲಿ ಡೆಂಟಿನ್ ಇಲ್ಲ, ಆದ್ದರಿಂದ ಅಲ್ಲಿ ನೀಲಿಬೂದು ಛಾಯೆ. ಒಂದೇ ಹಲ್ಲಿನಲ್ಲಿ ಹೀಗೆ ಹಲವು ಬಣ್ಣಗಳಿವೆ.

ಆ ನೀಲಿ ಛಾಯೆಯನ್ನು ಮನೆಯಲ್ಲೇ ತೋರಿಸಬಹುದು. ಒಂದು ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ, ಕತ್ತಲೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ. ಎದುರಿನಿಂದ ಟಾರ್ಚನ್ನೇ ನೋಡಿದರೆ ಕಿತ್ತಳೆ. ಹಾಲಿನ ಸೂಕ್ಷ್ಮ ಕಣಗಳು ಚಿಕ್ಕ ತರಂಗದೂರದ ನೀಲಿಯನ್ನು ಹೆಚ್ಚು ಚದುರಿಸಿ, ಕೆಂಪನ್ನು ಹೆಚ್ಚಾಗಿ ಹಾಗೆಯೇ ಬಿಡುತ್ತವೆ. ಎನಾಮೆಲಿನ ಸೂಕ್ಷ್ಮ ಸ್ಫಟಿಕಗಳೂ ಇದೇ ಬಗೆಯಲ್ಲಿ ವರ್ತಿಸುತ್ತವೆ. ಹಲ್ಲಿನ ತುದಿ ಎದುರು ಬೆಳಕಿನಲ್ಲಿ ನೀಲಿಯಾಗಿಯೂ ಹಿಂದಿನಿಂದ ಬರುವ ಬೆಳಕಿನಲ್ಲಿ ಕಿತ್ತಳೆಯಾಗಿಯೂ ಕಾಣುವುದು ಹೀಗೆ.

ಈಗ ಕ್ಯಾಪಿನ ಒಳರಚನೆ ನೋಡಿ. ಲೋಹದ ಮೇಲೆ ಪಿಂಗಾಣಿ ಹಾಕಿದ ಕ್ಯಾಪಿನಲ್ಲಿ ಸುಮಾರು 0.3 ಮಿಲಿಮೀಟರ್ ಲೋಹ, ಲೋಹದ ಕಪ್ಪನ್ನು ಮರೆಮಾಡಲು 0.2ರಿಂದ 0.3 ಮಿಲಿಮೀಟರ್ ಅಪಾರದರ್ಶಕ ಪದರ, ಉಳಿದ ಸುಮಾರು ಒಂದು ಮಿಲಿಮೀಟರಿನಲ್ಲಿ ಇಡೀ ಹಲ್ಲಿನ ಆಳವನ್ನು ನಟಿಸಬೇಕು. ವೈದ್ಯರು ಹಲ್ಲನ್ನು ಸಾಕಷ್ಟು ತೇಯದಿದ್ದರೆ ಪಿಂಗಾಣಿಗೆ ಜಾಗವೇ ಉಳಿಯದೆ ಅಪಾರದರ್ಶಕ ಪದರ ಹಣಿಕಿ ನೋಡುತ್ತದೆ. ಆದರೆ ಹೋಲಿಕೆಗೆಂದು ಹಿಡಿಯುವ ಮಾದರಿಯಲ್ಲಿ ಲೋಹವೇ ಇರುವುದಿಲ್ಲ, ಅದರ ಪಿಂಗಾಣಿಯೋ ಹಲವು ಮಿಲಿಮೀಟರ್ ದಪ್ಪ. ಬೇರೆ ದಪ್ಪದ, ಬೇರೆ ಹಿನ್ನೆಲೆಯ ವಸ್ತುವನ್ನು ತೋರಿಸಿ ‘ಇದರಂತೆಯೇ ಮಾಡಿ’ ಎಂದರೆ ತಂತ್ರಜ್ಞನಿಗೆ ನಾವು ಕೊಟ್ಟಿರುವುದು ಅಸಾಧ್ಯವಾದ ಲೆಕ್ಕ.

ಲೋಹವಿಲ್ಲದ ಜಿರ್ಕೋನಿಯಾ ಬಂದ ಮೇಲೆ ಈ ತೊಂದರೆ ತೀರಿತೆಂದು ಹಲವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ಎನಾಮೆಲಿನ ವಕ್ರೀಭವನ ಸೂಚ್ಯಂಕ ಸುಮಾರು 1.62, ಜಿರ್ಕೋನಿಯಾದ್ದು ಸುಮಾರು 2.2. ಸೂಚ್ಯಂಕ ಹೆಚ್ಚಿದಷ್ಟೂ ಮೇಲ್ಮೈಯಲ್ಲಿ ಪ್ರತಿಫಲನ ಹೆಚ್ಚು. ಸುಮಾರು 3 ಮೋಲ್ ಶೇಕಡಾ ಇಟ್ರಿಯಾ ಬೆರೆಸಿದ ಗಟ್ಟಿ ಜಿರ್ಕೋನಿಯಾದಲ್ಲಿ ಸ್ಫಟಿಕ ಕಣಗಳ ಗಡಿಗಳಲ್ಲೂ ಬೆಳಕು ಚದುರುತ್ತದೆ. ಆದ್ದರಿಂದ ಅದು ಹೆಚ್ಚು ಅಪಾರದರ್ಶಕ. ಇಟ್ರಿಯಾವನ್ನು 5ಕ್ಕೆ ಏರಿಸಿದರೆ ಘನಾಕೃತಿಯ ಸ್ಫಟಿಕಗಳು ಹೆಚ್ಚಾಗಿ ಬೆಳಕು ಸುಲಭವಾಗಿ ಹಾಯುತ್ತದೆ, ಆದರೆ ಗಟ್ಟಿತನ ಇಳಿಯುತ್ತದೆ. ಅಂದಕ್ಕೂ ಬಾಳಿಕೆಗೂ ನಡುವೆ ಚೌಕಾಸಿ ಇದ್ದೇ ಇದೆ. ಒಳಗಿನ ಹಲ್ಲು ರೂಟ್ ಕೆನಾಲ್ ನಂತರ ಕಪ್ಪಾಗಿದ್ದರೆ, ಪಾರದರ್ಶಕತೆ ಹೆಚ್ಚಿದ ಕ್ಯಾಪ್ ಆ ಕಪ್ಪನ್ನೇ ತೋರಿಸುತ್ತದೆ.

ಒಣಗಿದ ಹಲ್ಲಿನ ಸುಳ್ಳು

ಒದ್ದೆ ಬಟ್ಟೆ ಗಾಢವಾಗಿ ಕಾಣುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ನೂಲಿನ ಸಂದುಗಳಲ್ಲಿ ನೀರಿದ್ದರೆ ಬೆಳಕು ಕಡಿಮೆ ಚದುರುತ್ತದೆ, ಗಾಳಿ ತುಂಬಿದರೆ ಹೆಚ್ಚು ಚದುರುತ್ತದೆ. ಹಲ್ಲಿನಲ್ಲೂ ಇದೇ ಆಗುತ್ತದೆ. ಎನಾಮೆಲಿನ ಸ್ಫಟಿಕಗಳ ನಡುವೆ ಸೂಚ್ಯಂಕ 1.33 ಇರುವ ನೀರಿದೆ. ಬಾಯಿ ತೆರೆದಿಟ್ಟು ಗಾಳಿ ಊದಿ ಒಣಗಿಸಿದಾಗ ಆ ಜಾಗಕ್ಕೆ ಸೂಚ್ಯಂಕ 1 ಇರುವ ಗಾಳಿ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಹಲ್ಲು ಕಣ್ಣಿಗೆ ಕಾಣುವಷ್ಟು ಬೆಳ್ಳಗಾಗುತ್ತದೆ. ಮೊದಲಿನ ಸ್ಥಿತಿಗೆ ಬರಲು ಗಂಟೆಗಳೇ ಬೇಕು.

ಹಲ್ಲು ತೇಯ್ದು ಅಚ್ಚು ತೆಗೆದ ನಂತರ, ಕೊನೆಯ ಕೆಲಸವೆಂಬಂತೆ ಬಣ್ಣ ನೋಡುವುದು ಅನೇಕ ಕಡೆ ನಡೆಯುತ್ತದೆ. ಆಗ ವೈದ್ಯರು ನೋಡುತ್ತಿರುವುದು ಒಣಗಿದ ಹಲ್ಲನ್ನು. ಅವರ ಕಣ್ಣು ತಪ್ಪಿಲ್ಲ, ಆಯ್ದ ಹೊತ್ತು ತಪ್ಪು. ಮಾಡಿ ತಂದ ಕ್ಯಾಪ್ ಒಣ ಹಲ್ಲಿಗೆ ಸರಿಹೊಂದುತ್ತದೆ. ಮರುದಿನ ಒದ್ದೆ ಹಲ್ಲಿನ ಪಕ್ಕ ಬಿಳಿಚಿಕೊಂಡು ನಿಲ್ಲುತ್ತದೆ. ಒಂದು ಪೈಸೆ ಖರ್ಚಿಲ್ಲದೆ ತಪ್ಪಿಸಬಹುದಾದ ದೋಷವಿದು. ಬಣ್ಣವನ್ನು ಎಲ್ಲಕ್ಕಿಂತ ಮೊದಲು ನೋಡಿದರಾಯಿತು.

ಯಂತ್ರ ಅಳೆದರೆ ಸಾಕೇ?

ಕಣ್ಣನ್ನು ನಂಬಲಾಗದಿದ್ದರೆ ಯಂತ್ರವಿದೆಯಲ್ಲ ಎನ್ನಬಹುದು. ಹಲ್ಲಿಗೆ ತಾಗಿಸಿ ಬಣ್ಣ ಅಳೆಯುವ ರೋಹಿತಮಾಪಕಗಳು ಈ ಶತಮಾನದ ಆರಂಭದಿಂದ ಬಳಕೆಗೆ ಬಂದಿವೆ. ಅವು ಬಣ್ಣವನ್ನು ಸಿಐಇ 1976ರಲ್ಲಿ ಒಪ್ಪಿದ ‘ಲ್ಯಾಬ್’ ನಿರ್ದೇಶಾಂಕಗಳಲ್ಲಿ ಲೆಕ್ಕ ಹಾಕುತ್ತವೆ. ಎಲ್ ಎಂದರೆ 0ಯಿಂದ 100ರವರೆಗಿನ ಪ್ರಕಾಶಮಟ್ಟ, ಎ ಎಂದರೆ ಹಸಿರು–ಕೆಂಪು, ಬಿ ಎಂದರೆ ನೀಲಿ–ಹಳದಿ. (ಬಣ್ಣಪಟ್ಟಿಯ ಎ, ಬಿಗಳಿಗೂ ಇವಕ್ಕೂ ಸಂಬಂಧವಿಲ್ಲ.) ಎರಡು ಬಣ್ಣಗಳ ನಡುವಿನ ದೂರವನ್ನು ಪೈಥಾಗೊರಸನ ಪ್ರಮೇಯದಿಂದಲೇ ಪಡೆಯಬಹುದು, ಅದರ ಹೆಸರು ಡೆಲ್ಟಾ ಇ.

ಒಂದು ಲೆಕ್ಕ ನೋಡೋಣ. ಒಂದು ಹಲ್ಲಿಗೆ ಎಲ್ 72, ಎ 1, ಬಿ 18 ಎಂದಿರಲಿ. ಕ್ಯಾಪಿಗೆ ಎಲ್ 70, ಎ 1.5, ಬಿ 20 ಎಂದಿರಲಿ. ವ್ಯತ್ಯಾಸಗಳು 2, 0.5 ಮತ್ತು 2. ವರ್ಗಗಳ ಮೊತ್ತ 8.25, ಅದರ ವರ್ಗಮೂಲ ಸುಮಾರು 2.9. ಇದು ಹೆಚ್ಚೋ ಕಡಿಮೆಯೋ? 2015ರಲ್ಲಿ ಪರಾವಿನಾ ಮತ್ತು ಸಂಗಡಿಗರು ಹಲವು ಸಂಶೋಧನಾ ಕೇಂದ್ರಗಳಲ್ಲಿ ನಡೆಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವ್ಯತ್ಯಾಸ 1.2 ಆದಾಗ ನೋಡುಗರಲ್ಲಿ ಅರ್ಧ ಮಂದಿಗೆ ಅದು ಗೊತ್ತಾಗುತ್ತದೆ, 2.7 ಆದಾಗ ಅರ್ಧ ಮಂದಿ ಅದನ್ನು ಒಪ್ಪುವುದಿಲ್ಲ. 2001ರಲ್ಲಿ ಪ್ರಕಟವಾದ ಸುಧಾರಿತ ಸಿಐಇಡಿಇ2000 ಸೂತ್ರದಲ್ಲಿ ಈ ಗಡಿಗಳು ಕ್ರಮವಾಗಿ 0.8 ಮತ್ತು 1.8. ನಮ್ಮ ಉದಾಹರಣೆಯ ಕ್ಯಾಪ್ ಒಪ್ಪಿಗೆಯ ಗಡಿಯನ್ನು ದಾಟಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. 2.7 ಎಂಬುದನ್ನು ಪರೀಕ್ಷೆಯ ಪಾಸ್ ಅಂಕದಂತೆ ಉಲ್ಲೇಖಿಸುವ ವಾಡಿಕೆ ಇದೆ. ಅದರ ಅರ್ಥವೇ ‘ಅರ್ಧ ಜನ ಬೇಡವೆನ್ನುತ್ತಾರೆ’ ಎಂದು. ಕನ್ನಡಿಯ ಮುಂದೆ ದಿನವೂ ನಿಲ್ಲುವ ರೋಗಿ ಯಾವ ಅರ್ಧಕ್ಕೆ ಸೇರಿದವರೆಂದು ಸರಾಸರಿ ಹೇಳುವುದಿಲ್ಲ. ಎರಡನೆಯದಾಗಿ, ಚಿಕ್ಕ ಕಿಂಡಿಯ ಮಾಪಕವನ್ನು ಅರೆಪಾರದರ್ಶಕ ಹಲ್ಲಿಗೆ ತಾಗಿಸಿದಾಗ ಒಳಹೊಕ್ಕ ಬೆಳಕಿನ ಒಂದು ಭಾಗ ಪಕ್ಕಕ್ಕೆ ಹರಿದು ಕಿಂಡಿಯ ಆಚೆ ಹೊರಬರುತ್ತದೆ. ಉರಿಯುವ ಮೇಣದ ಬತ್ತಿಯ ಮೈ ಜ್ವಾಲೆಯ ಕೆಳಗೂ ಬೆಳಗುವುದು ಇದೇ ರೀತಿ. ಕಿಂಡಿಗೆ ಮರಳದ ಆ ಬೆಳಕನ್ನು ಮಾಪಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಉಪಕರಣದ ಎರಡು ಅಳತೆಗಳನ್ನು ಹೋಲಿಸುವುದು ಸರಿ. ಬೇರೆ ಬೇರೆ ಉಪಕರಣಗಳ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕ ಇಡುವುದು ಸರಿಯಲ್ಲ.

ಯಂತ್ರದ ಮೇಲಿನ ನನ್ನ ಮುಖ್ಯ ಆಕ್ಷೇಪ ಬೇರೆ. ಇಷ್ಟೆಲ್ಲ ಅಳೆದು ಕೊನೆಗೆ ಪರದೆಯ ಮೇಲೆ ಅದು ದೊಡ್ಡ ಅಕ್ಷರದಲ್ಲಿ ತೋರಿಸುವುದು ‘ಎ2’ ಎಂದೇ! ದಶಮಾಂಶಗಳೊಡನೆ ಪಡೆದ ಮೂರು ಅಂಕಿಗಳನ್ನು ಬದಿಗಿಟ್ಟು ಹತ್ತಿರದ ಹೆಸರನ್ನು ಕೊಡುತ್ತದೆ. ಜ್ವರವನ್ನು 38.4 ಡಿಗ್ರಿ ಎಂದು ಅಳೆದು ಚೀಟಿಯಲ್ಲಿ ‘ಮೈ ಬಿಸಿ’ ಎಂದು ಬರೆದ ಹಾಗೆ. ಅಂಕಿಗಳೂ ಅದೇ ಯಂತ್ರದೊಳಗೆ ಇರುತ್ತವೆ. ಅವನ್ನು ತೆಗೆದು ಲ್ಯಾಬಿಗೆ ಕಳಿಸುವವರು ಕಡಿಮೆ.

ಪಟ್ಟಿಯಲ್ಲಿಲ್ಲದ ಹಲ್ಲುಗಳು

ನಮ್ಮ ರಾಜ್ಯಕ್ಕೆ ನೇರವಾಗಿ ತಟ್ಟುವ ಮಾತೊಂದಿದೆ. ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿಯಂಥ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿನ ಮೂಲವಿಲ್ಲದಾಗ 1.5ರವರೆಗೆ ಅನುಮತಿ ಇದೆ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಎನಾಮೆಲಿನ ಮೇಲ್ಪದರದ ಕೆಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅಲ್ಲಿ ಬೆಳಕು ವಿಪರೀತ ಚದುರಿ ಸೀಮೆಸುಣ್ಣದಂಥ ಬಿಳಿ ಮಚ್ಚೆಗಳು ಕಾಣುತ್ತವೆ. ಮುಂದೆ ಅವು ಕಂದು ಕಲೆಗಳಾಗಬಹುದು.

ಇಂಥ ಊರಿನ ಯುವತಿಯೊಬ್ಬಳ ಬಾಚಿಹಲ್ಲು ಮುರಿದರೆ ಅವಳಿಗೆ ಬೇಕಾದ ಕ್ಯಾಪ್ ಹದಿನಾರು ಮಾದರಿಗಳಲ್ಲೂ ಇಲ್ಲ, ಇಪ್ಪತ್ತೊಂಬತ್ತರಲ್ಲೂ ಇಲ್ಲ. ಎರಡೂ ಪಟ್ಟಿಗಳು ಮಚ್ಚೆಯಿಲ್ಲದ ಹಲ್ಲನ್ನು ಊಹಿಸಿಕೊಂಡು ಮಾಡಿದವು. ಹತ್ತಿರದ ಸಂಕೇತ ಬರೆದು ಕಳಿಸಿದರೆ ಮಚ್ಚೆಗಳ ಸಾಲಿನ ನಡುವೆ ಒಂದೇ ಒಂದು ನುಣ್ಣನೆಯ ಹಲ್ಲು ಎದ್ದು ಕಾಣುತ್ತದೆ. ಎಲ್ಲ ಮುಂದಿನ ಹಲ್ಲುಗಳಿಗೂ ಕ್ಯಾಪ್ ಹಾಕಿಬಿಡೋಣ ಎಂಬ ಸಲಹೆ ಇಲ್ಲಿಂದಲೇ ಹುಟ್ಟುತ್ತದೆ. ಒಂದು ಹಲ್ಲಿನ ಬಣ್ಣ ಹೊಂದಿಸಲಾಗದೆ ಐದು ಗಟ್ಟಿ ಹಲ್ಲುಗಳನ್ನು ತೇಯುವುದು ಚಿಕಿತ್ಸೆಯಲ್ಲ, ಬಣ್ಣಪಟ್ಟಿಯ ಕೊರತೆಗೆ ತೆತ್ತ ದಂಡ.

ಬರಿಯ ಮಚ್ಚೆಯ ತೊಂದರೆಗೆ ತೇಯದೆಯೂ ದಾರಿಗಳಿವೆ. ಮೇಲ್ಪದರವನ್ನು ಅತಿ ತೆಳುವಾಗಿ ಉಜ್ಜುವುದು ಒಂದು. ರಂಧ್ರಗಳಿಗೆ ನೀರಿನಂಥ ತೆಳು ರೆಸಿನ್ ಇಂಗಿಸುವುದು ಇನ್ನೊಂದು. ರೆಸಿನ್‌ನ ಸೂಚ್ಯಂಕ ಸುಮಾರು 1.5, ಎನಾಮೆಲಿನದಕ್ಕೆ ಸಮೀಪ. ಗಾಳಿಯ ಜಾಗದಲ್ಲಿ ರೆಸಿನ್ ಬಂದಾಗ ಚದುರುವಿಕೆ ತಗ್ಗಿ ಬಿಳಿ ಮಚ್ಚೆ ಮಾಸುತ್ತದೆ. ಒದ್ದೆ ಬಟ್ಟೆಯ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ತೀವ್ರ ಕಲೆಗಳಿಗೆ ಇದು ಸಾಲದು, ಆದರೆ ತೇಯುವ ಮುನ್ನ ಯೋಚಿಸಬೇಕಾದ ಮಾತು.

ಅನುಭವವೇ ಸಾಲದೇ?

ಇಷ್ಟೆಲ್ಲ ದೋಷಗಳಿದ್ದರೂ ಒಳ್ಳೆಯ ತಂತ್ರಜ್ಞರು ಗುರುತಿಸಲಾಗದಂಥ ಕ್ಯಾಪುಗಳನ್ನು ಮಾಡುತ್ತಿದ್ದಾರಲ್ಲ ಎಂದು ಕೇಳಬಹುದು. ಮಾಡುತ್ತಿದ್ದಾರೆ, ನಿಜ. ಅವರು ಹೇಗೆ ಮಾಡುತ್ತಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಅವರು ಸಂಕೇತವನ್ನು ನಂಬಿ ಕೂರುವುದಿಲ್ಲ. ಫೋಟೋ ಕೇಳುತ್ತಾರೆ, ಸಾಧ್ಯವಾದರೆ ರೋಗಿಯನ್ನೇ ಕರೆಸಿಕೊಳ್ಳುತ್ತಾರೆ, ಬೇಯಿಸುವ ಮಧ್ಯದಲ್ಲಿ ಒಮ್ಮೆ ಬಾಯಿಯಲ್ಲಿಟ್ಟು ನೋಡಿಸುತ್ತಾರೆ. ಅವರ ಯಶಸ್ಸು ಎ2ನ ಯಶಸ್ಸಲ್ಲ. ಎ2 ಬಿಟ್ಟುಹೋದದ್ದನ್ನು ಬೇರೆ ದಾರಿಯಿಂದ ಪಡೆದುಕೊಂಡದ್ದರ ಯಶಸ್ಸು.

ಹಾಗಿದ್ದರೆ ಚೀಟಿಯಲ್ಲಿ ಏನಿರಬೇಕು? ನನ್ನ ಪಟ್ಟಿ ಚಿಕ್ಕದು.

1. ಹಲ್ಲು ಒದ್ದೆಯಿದ್ದಾಗ, ಕೆಲಸ ಆರಂಭಿಸುವ ಮೊದಲೇ ಬಣ್ಣ ನೋಡಿದ್ದು ಎಂಬ ನಮೂದು.

2. ನೋಡಿದ ಬೆಳಕು ಯಾವುದು. ಹಗಲು ಬೆಳಕಿಗೆ ಸಮನಾದ ದೀಪವೊಂದರಲ್ಲಿ ನೋಡಿ, ಆಮೇಲೆ ಮನೆಯ ದೀಪದಂಥ ಇನ್ನೊಂದರಲ್ಲಿ ಪರೀಕ್ಷಿಸಬೇಕು.

3. ಬುಡ, ನಡು, ತುದಿ – ಮೂರು ಕಡೆಯ ಬಣ್ಣ ಬೇರೆ ಬೇರೆಯಾಗಿ. ಮಚ್ಚೆ, ಗೆರೆ, ಪಾರದರ್ಶಕ ಭಾಗಗಳ ಒಂದು ಕೈನಕ್ಷೆ.

4. ತೇಯ್ದ ಬಳಿಕ ಉಳಿದ ಹಲ್ಲಿನ ಬಣ್ಣ, ಕ್ಯಾಪಿಗೆ ಸಿಗುವ ದಪ್ಪ.

5. ಬೂದು ಬಣ್ಣದ ಪ್ರಮಾಣಿತ ಕಾರ್ಡ್ ಮತ್ತು ಆಯ್ದ ಮಾದರಿ ಎರಡೂ ಚೌಕಟ್ಟಿನೊಳಗೆ ಇರುವ ಒಂದು ಫೋಟೋ. ಕ್ಯಾಮೆರಾದ ಬಣ್ಣದ ವಾಲಿಕೆಯನ್ನು ಕಾರ್ಡಿನಿಂದ ಸರಿಪಡಿಸಬಹುದು. ಫ್ಲಾಷಿನ ಮುಂದೊಂದು, ಮಸೂರದ ಮುಂದೊಂದು ಧ್ರುವೀಕಾರಕ ಹಾಳೆಯನ್ನು ಪರಸ್ಪರ ಅಡ್ಡಲಾಗಿ ಹಿಡಿದರೆ ಹಲ್ಲಿನ ಮೇಲಿನ ಹೊಳಪು ಮಾಯವಾಗಿ ಒಳಗಿನ ಬಣ್ಣ ಕಾಣುತ್ತದೆ.

ನೋಡುವ ಕಣ್ಣಿಗೂ ಶಿಸ್ತು ಬೇಕು. ಒಂದೇ ಸಮನೆ ನೋಡುತ್ತಿದ್ದರೆ ಶಂಕು ಕೋಶಗಳು ದಣಿಯುತ್ತವೆ. ಐದಾರು ಸೆಕೆಂಡು ನೋಡಿ ದೃಷ್ಟಿ ತೆಗೆಯಬೇಕು. ನಡುವೆ ನೀಲಿ ಕಾರ್ಡ್ ನೋಡಿರೆಂಬ ಹಳೆಯ ಸಲಹೆ ಸರಿಯಲ್ಲ. ನೀಲಿಗೆ ಹೊಂದಿಕೊಂಡ ಕಣ್ಣಿಗೆ ಹಳದಿ ಹೆಚ್ಚಾಗಿ ಕಾಣುತ್ತದೆ. ಬೂದು ಕಾರ್ಡೇ ಲೇಸು. ರೋಗಿಯ ತುಟಿಯ ಬಣ್ಣ ಒರೆಸಿ, ಕಡು ಬಣ್ಣದ ಉಡುಪಿನ ಮೇಲೆ ಬೂದು ಬಟ್ಟೆ ಹೊದಿಸಬೇಕು. ಹಸಿರು–ಕೆಂಪು ವ್ಯತ್ಯಾಸ ಗುರುತಿಸಲು ಕಷ್ಟಪಡುವವರು ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ತೀರಾ ಕಡಿಮೆ. ಆದ್ದರಿಂದ ಬಣ್ಣ ನೋಡುವವರು ಒಮ್ಮೆ ತಮ್ಮ ಕಣ್ಣನ್ನೂ ಪರೀಕ್ಷಿಸಿಕೊಳ್ಳುವುದು ನಾಚಿಕೆಯ ಮಾತಲ್ಲ.

ರೋಗಿಗಳೂ ಸುಮ್ಮನಿರಬೇಕಾಗಿಲ್ಲ. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸುವವರು ಎರಡು ಪ್ರಶ್ನೆ ಕೇಳಬಹುದು: ‘ಹಲ್ಲು ತೇಯುವ ಮೊದಲೇ ಬಣ್ಣ ನೋಡುತ್ತೀರಾ ಡಾಕ್ಟ್ರೇ?’ ಮತ್ತು ‘ಅಂಟಿಸುವ ಮುನ್ನ ಕಿಟಕಿ ಬಳಿ ಒಮ್ಮೆ ನೋಡಬಹುದೇ?’ ಶಾಶ್ವತ ಸಿಮೆಂಟಿನಿಂದ ಅಂಟಿಸಿದ ಮೇಲೆ ಕೇಳುವ ಯಾವ ಪ್ರಶ್ನೆಗೂ ಬೆಲೆಯಿಲ್ಲ.

ದಂತವೈದ್ಯಕೀಯ ಕಾಲೇಜುಗಳು ಬಣ್ಣದ ಪಾಠವನ್ನು ಒಂದು ಉಪನ್ಯಾಸಕ್ಕೆ ಸೀಮಿತಗೊಳಿಸದೆ, ಹತ್ತಿರದ ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗದೊಡನೆ ಸೇರಿ ಒಂದು ದಿನದ ಪ್ರಯೋಗ ನಡೆಸಬಹುದು. ಹಾಲು ಬೆರೆಸಿದ ನೀರು, ಎರಡು ಬಗೆಯ ದೀಪ, ಎರಡು ಧ್ರುವೀಕಾರಕ ಹಾಳೆ, ಉದುರಿದ ಹಲ್ಲೊಂದನ್ನು ಒಣಗಿಸಿ ಮತ್ತೆ ನೆನೆಸುವುದು – ಇಷ್ಟೇ ಸಾಮಗ್ರಿ. ಆ ದಿನ ಕಳೆದ ಮೇಲೆ ವಿದ್ಯಾರ್ಥಿ ಎ2 ಎಂದು ಬರೆದರೂ ಚಿಂತೆಯಿಲ್ಲ. ಯಾವ ಬೆಳಕಿನಲ್ಲಿ, ಯಾವ ಸ್ಥಿತಿಯ ಹಲ್ಲಿಗೆ, ಹಲ್ಲಿನ ಯಾವ ಭಾಗಕ್ಕೆ ಎಂಬುದನ್ನು ಅದರ ಪಕ್ಕದಲ್ಲೇ ಬರೆಯುವ ಅಭ್ಯಾಸವಾಗಿದ್ದರೆ ಸಾಕು.